ಅಲೆ ಓಡುವ ಹಲಗೆ

ಮನೆಯ ತಾರಸಿಯ ಮೇಲೆ ಟಿವಿಗಾಗಿ ಕೂರಿಸಿದ ಡಿಶ್ಶಿನ ಎದುರಿಗೆ, ಒಂದು ಕೋಲಿನ ತುದಿಯಲ್ಲಿ, ಮುಷ್ಟಿಯಷ್ಟು ದೊಡ್ಡ ಡಬ್ಬಿಯೊಂದು ಇರುತ್ತದೆ. ರಿಪೇರಿಯವರು ಅದಕ್ಕೆ ಎಲ್‌ಎನ್‌ಬಿ ಅನ್ನುತ್ತಾರೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಕಳಿಸಿದ ಅಲೆಗಳು ತಟ್ಟೆಗೆ ಬಡಿದು, ಪ್ರತಿಫಲಿಸಿ, ಈ ಡಬ್ಬಿಯ ಬಾಯಿಗೆ ಬಂದು ಬೀಳುತ್ತವೆ. ಅಷ್ಟು ದೂರ ಬರುವಷ್ಟರಲ್ಲಿ ಅಲೆ ಸೊರಗಿ ಸೊರಗಿ ಇದೆಯೋ ಇಲ್ಲವೋ ಅನ್ನುವಂತಾಗಿರುತ್ತದೆ. ಡಬ್ಬಿಯೊಳಗಿನ ಪುಟ್ಟ ಸರ್ಕಿಟ್ ಬೋರ್ಡು ಅದನ್ನು ಹಿಡಿದು, ಬಲ ತುಂಬಿ, ಕೇಬಲ್ಲಿನಲ್ಲಿ ಸಲೀಸಾಗಿ ಇಳಿಯಬಲ್ಲ ಕಡಿಮೆ ಆವೃತ್ತಿಗೆ ಬದಲಿಸಿ ಕೆಳಗಿನ ಸೆಟ್‌ಟಾಪ್ ಪೆಟ್ಟಿಗೆಗೆ ಕಳಿಸುತ್ತದೆ.

ಬೋರ್ಡಿನ ಮೇಲೆ ಕೂತ ಟ್ರಾನ್ಸಿಸ್ಟರುಗಳ ಬಗ್ಗೆ ಬೇಕಾದಷ್ಟು ಬರಹಗಳು ಬಂದಿವೆ. ಅವುಗಳ ಕೆಳಗೆ ಬಿದ್ದುಕೊಂಡಿರುವ ಹಲಗೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಎಲ್ಲರ ಲೆಕ್ಕದಲ್ಲಿ ಅದು ಬರೀ ಆಸನ. ಬಿಡಿಭಾಗಗಳು ಬೀಳದಂತೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಟಾರ್ಚು, ಕ್ಯಾಲ್ಕುಲೇಟರು, ಟಿವಿ ರಿಮೋಟುಗಳ ಮಟ್ಟಿಗೆ ಈ ಲೆಕ್ಕ ಸರಿಯೇ. ಆದರೆ ಅಲೆಗಳ ಕುಣಿತ ಸೆಕೆಂಡಿಗೆ ನೂರಾರು ಕೋಟಿ ಸಲಕ್ಕೆ ಏರಿತೋ, ಹಲಗೆಯೇ ಸರ್ಕಿಟ್ಟಿನ ಒಂದು ಭಾಗವಾಗಿಬಿಡುತ್ತದೆ. ಹೇಗೆ ಅನ್ನುವುದನ್ನು ನೋಡೋಣ.

ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಒಂದನ್ನು ಇನ್ನೊಂದರಿಂದ ಭಾಗಿಸಿ: 6,000 ಕಿಲೋಮೀಟರ್. ಅಂದರೆ ಆ ವಿದ್ಯುತ್ತಿನ ಒಂದು ಅಲೆಯ ಉದ್ದ ಕಾಶ್ಮೀರದಿಂದ ಕನ್ಯಾಕುಮಾರಿಗಿಂತಲೂ ಹೆಚ್ಚು! ನಿಮ್ಮ ಕೈಯಲ್ಲಿರುವ ಹತ್ತು ಸೆಂಟಿಮೀಟರಿನ ಬೋರ್ಡು ಅಷ್ಟು ದೊಡ್ಡ ಅಲೆಗೆ ಲೆಕ್ಕಕ್ಕೇ ಇಲ್ಲ. ಈಗ ಉಪಗ್ರಹ ಟಿವಿಯ ಅಲೆಯನ್ನು ತೆಗೆದುಕೊಳ್ಳಿ. ಅದು ಸುಮಾರು 12 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 1,200 ಕೋಟಿ ಕುಣಿತ. ಅದೇ ಭಾಗಾಕಾರ ಮಾಡಿದರೆ ಉತ್ತರ ಎರಡೂವರೆ ಸೆಂಟಿಮೀಟರ್. ಇದೇ ಮೈಕ್ರೊವೇವ್. ಹತ್ತು ಸೆಂಟಿಮೀಟರಿನ ಬೋರ್ಡಿನಲ್ಲಿ ಈಗ ನಾಲ್ಕಾರು ಅಲೆಗಳು ಸಾಲಾಗಿ ನಿಲ್ಲುತ್ತವೆ.

ಆ ಅಲೆಗಳು ಬೋರ್ಡಿನಲ್ಲಿ ಎಲ್ಲಿ ಓಡುತ್ತವೆ ಅನ್ನುವುದೇ ಸ್ವಾರಸ್ಯ. ಮೈಕ್ರೊವೇವ್ ಬೋರ್ಡಿನಲ್ಲಿ ಮೇಲೆ ತಾಮ್ರದ ಒಂದು ಸಣ್ಣ ಗೆರೆ ಇರುತ್ತದೆ, ಕೆಳಗೆ ತಾಮ್ರದ ಪೂರ್ತಿ ಹಾಳೆ. ನಡುವೆ ಹಲಗೆ. ಅಲೆ ಅಂದರೆ ವಿದ್ಯುತ್ ಕ್ಷೇತ್ರ, ಕಾಂತ ಕ್ಷೇತ್ರಗಳ ಏರಿಳಿತ ತಾನೇ? ಆ ಏರಿಳಿತದ ಬಹುಪಾಲು ನಡೆಯುವುದು ಗೆರೆಗೂ ಹಾಳೆಗೂ ನಡುವಿನ ಜಾಗದಲ್ಲಿ. ತಾಮ್ರ ದಾರಿಯ ಅಂಚನ್ನು ತೋರಿಸುತ್ತದೆ. ಶಕ್ತಿ ಸಾಗುವುದು ಹಲಗೆಯ ಹೊಟ್ಟೆಯೊಳಗೆ. ಹೀಗಿರುವಾಗ ಹಲಗೆ ಯಾವುದರಿಂದ ಮಾಡಿದ್ದು ಎಂದು ಕೇಳದೆ ಇರಲಾದೀತೇ?

ಮೊದಲು ಎಲ್ಲರಿಗೂ ಸಿಗುವ ಹಲಗೆಯನ್ನೇ ನೋಡಿ. ಕೆಟ್ಟುಹೋದ ಯಾವುದಾದರೂ ಆಟಿಕೆಯ ಹಸಿರು ಬೋರ್ಡು ಸಿಕ್ಕಿದರೆ, ತಾಮ್ರ ಇಲ್ಲದ ಒಂದು ಮೂಲೆಯನ್ನು ಬಿಸಿಲಿಗೆ ಹಿಡಿಯಿರಿ. ಹಸಿರು ಬಣ್ಣ ನೋಡಿ ಮೋಸಹೋಗಬೇಡಿ, ಅದು ಮೇಲಿನ ಲೇಪ ಮಾತ್ರ. ಲೇಪ ಇಲ್ಲದಿದ್ದರೆ ಹಲಗೆ ತಿಳಿ ಹಳದಿ, ಅರೆಪಾರದರ್ಶಕ. ಬೆಳಕು ಹಾಯುವ ಕಡೆ ಕಣ್ಣನ್ನು ಹತ್ತಿರ ತಂದರೆ ಉದ್ದಕ್ಕೂ ಅಡ್ಡಕ್ಕೂ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಹಾಸುನೂಲು, ಹೊಕ್ಕುನೂಲು! ಹೌದು, ಅದು ನಿಜವಾಗಿ ನೇಯ್ದ ಬಟ್ಟೆಯೇ. ಗಾಜನ್ನು ಕರಗಿಸಿ ಕೂದಲಿಗಿಂತ ತೆಳ್ಳಗಿನ ಎಳೆ ತೆಗೆದು, ಎಳೆಗಳನ್ನು ಸೇರಿಸಿ ನೂಲು ಮಾಡಿ, ಆ ನೂಲನ್ನು ಮಗ್ಗದಲ್ಲಿ ನೇಯುತ್ತಾರೆ. ಆಮೇಲೆ ಆ ಗಾಜಿನ ಬಟ್ಟೆಯನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರವಿಟ್ಟು, ಮೇಲೆ ಕೆಳಗೆ ತಾಮ್ರದ ಹಾಳೆ ಹೊದಿಸಿ, ಬಿಸಿಯಲ್ಲಿ ಒತ್ತುತ್ತಾರೆ. ಹೀಗೆ ತಯಾರಾದ ಹಲಗೆಗೆ ಎಫ್‌ಆರ್-4 ಎಂದು ಹೆಸರು. ಬೆಂಕಿ ತಗುಲಿದರೂ ಉರಿ ಹಬ್ಬದಂತೆ ತಡೆಯುವ ಗುಣ ಇದಕ್ಕಿದೆ, ಗಟ್ಟಿ, ಅಗ್ಗ. ಫೋನು, ಕಂಪ್ಯೂಟರು, ಎಲ್ಲದರಲ್ಲೂ ಇದರ ಬಳಗವೇ. (ಒಂದು ಮಾತು: ಇದನ್ನು ಗರಗಸ ಹಾಕಿ ಕತ್ತರಿಸಲು, ಉಜ್ಜಲು ಹೋಗಬೇಡಿ. ಗಾಜಿನ ಧೂಳು ಮೂಗಿಗೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ.)

ಇಷ್ಟು ಒಳ್ಳೆಯ ಹಲಗೆಗೆ ಮೈಕ್ರೊವೇವ್ ಎಂಜಿನಿಯರುಗಳು ಮೂಗು ಮುರಿಯುವುದೇಕೆ? ಅವರು ಯಾವ ಹಲಗೆ ಬಂದರೂ ಮೊದಲು ಎರಡು ಅಂಕಿಗಳನ್ನು ಕೇಳುತ್ತಾರೆ.

ಒಂದನೆಯದು ಡೈಎಲೆಕ್ಟ್ರಿಕ್ ಸ್ಥಿರಾಂಕ. ಎಂಜಿನಿಯರುಗಳ ಬಾಯಲ್ಲಿ ಅದು ಬರೀ ಡಿಕೆ (ಮಂಗಳೂರಿನ ಕಡೆಯವರು ಕ್ಷಮಿಸಬೇಕು). ಅಲೆ ಖಾಲಿ ಜಾಗದಲ್ಲಿ ಓಡುವಾಗ ಪೂರ್ತಿ ವೇಗ. ವಸ್ತುವಿನೊಳಗೆ ಹೊಕ್ಕರೆ ಅಲ್ಲಿನ ಅಣುಗಳೊಳಗಿನ ವಿದ್ಯುದಾವೇಶಗಳು ಅಲೆಯ ಎಳೆತಕ್ಕೆ ತುಸು ಆಚೀಚೆ ಸರಿಯುತ್ತವೆ, ಅದರಿಂದ ಅಲೆಯ ನಡಿಗೆ ನಿಧಾನವಾಗುತ್ತದೆ. ಎಷ್ಟು ನಿಧಾನ ಎನ್ನುವುದನ್ನು ಡಿಕೆ ಹೇಳುತ್ತದೆ. ಅದರ ವರ್ಗಮೂಲ ತೆಗೆದು, ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರಾಯಿತು. ಡಿಕೆ 4 ಆದರೆ ವೇಗ ಅರ್ಧ. 9 ಆದರೆ ಮೂರನೇ ಒಂದು ಭಾಗ.

ಈ ಬಗೆಯ ಅಳತೆಯನ್ನು ನಮ್ಮ ದೇಶದಲ್ಲೇ ಬಹಳ ಹಿಂದೆ ಮಾಡಿದವರಿದ್ದಾರೆ. ಕೋಲ್ಕತ್ತದ ಜಗದೀಶಚಂದ್ರ ಬೋಸ್ 1895ರಲ್ಲಿ ಅಲ್ಲಿನ ಟೌನ್‌ಹಾಲ್‌ನಲ್ಲಿ ಜನರ ಮುಂದೆ ಕಾಣದ ಅಲೆಗಳನ್ನು ಗೋಡೆ ದಾಟಿಸಿ, ದೂರದ ಗಂಟೆ ಬಾರಿಸಿ, ಸಿಡಿಮದ್ದು ಹೊತ್ತಿಸಿ ತೋರಿಸಿದರು. ಅವರು ಪ್ರಯೋಗಗಳಲ್ಲಿ ಬಳಸಿದ ಅಲೆಗಳಲ್ಲಿ ಕೆಲವು ಐದೇ ಮಿಲಿಮೀಟರ್ ಉದ್ದದವು. ಇಂದಿನ ಲೆಕ್ಕದಲ್ಲಿ 60 ಗಿಗಾಹರ್ಟ್ಸ್! ಗಂಟೆ ಬಾರಿಸಿದ್ದು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ಇಷ್ಟವಾಗುವುದು ಅವರು ಸದ್ದಿಲ್ಲದೆ ಮಾಡಿದ ಇನ್ನೊಂದು ಕೆಲಸ. ಗಂಧಕ, ಗಾಜು ಮುಂತಾದ ವಸ್ತುಗಳೊಳಗೆ ಈ ಅಲೆಗಳು ಎಷ್ಟು ಬಾಗುತ್ತವೆ ಎಂದು ಅವರು ಅಳೆದರು. ಬಾಗುವುದಕ್ಕೂ ನಿಧಾನವಾಗುವುದಕ್ಕೂ ಕಾರಣ ಒಂದೇ. ಇಂದು ಕಾರ್ಖಾನೆಯವರು ಹಲಗೆಯ ಜೊತೆ ಕೊಡುವ ಚೀಟಿಯಲ್ಲಿ ಡಿಕೆ ಎಂದು ಬರೆಯುವುದು ಆ ಅಳತೆಯ ವಂಶದ್ದೇ.

ಅಲೆ ನಿಧಾನವಾದರೆ ನಮಗೇನು? ಆವೃತ್ತಿ ಅಷ್ಟೇ ಇದ್ದು ವೇಗ ತಗ್ಗಿದರೆ ಅಲೆಯ ಉದ್ದವೂ ತಗ್ಗಬೇಕು. ಮೈಕ್ರೊವೇವ್ ಬೋರ್ಡಿನಲ್ಲಿ ಆಂಟೆನಾ, ಫಿಲ್ಟರುಗಳನ್ನೆಲ್ಲ ತಾಮ್ರದಲ್ಲೇ ಚಿತ್ರ ಬಿಡಿಸಿದಂತೆ ಕೊರೆದಿರುತ್ತಾರೆ, ಒಂದೊಂದರ ಉದ್ದವೂ ಅಲೆಯ ಅರ್ಧ, ಕಾಲು ಎಂದು ಲೆಕ್ಕ ಹಾಕಿದ್ದು. ವೈಫೈಯ 2.45 ಗಿಗಾಹರ್ಟ್ಸ್ ಅಲೆಯ ಅರ್ಧ ಗಾಳಿಯಲ್ಲಿ 61 ಮಿಲಿಮೀಟರ್. ಎಫ್‌ಆರ್-4 ಹಲಗೆಯ ಮೇಲೆ ಕೊರೆದ ಚೌಕದ ಆಂಟೆನಾಕ್ಕೆ ಸುಮಾರು 29 ಮಿಲಿಮೀಟರ್ ಸಾಕು. ಡಿಕೆ ಹೆಚ್ಚಿದಷ್ಟೂ ಸರ್ಕಿಟ್ಟು ಚಿಕ್ಕದಾಗುತ್ತದೆ. ಜಿಪಿಎಸ್ ಪೆಟ್ಟಿಗೆಗಳಲ್ಲಿ ಬಿಳಿಯ ಬಿಲ್ಲೆಯಂಥ ಸಣ್ಣ ಆಂಟೆನಾ ಇರುವುದನ್ನು ನೋಡಿದ್ದರೆ, ಅದು ಡಿಕೆ ಹೆಚ್ಚಿರುವ ಪಿಂಗಾಣಿ. 9 ಸೆಂಟಿಮೀಟರ್ ದಾಟಬೇಕಿದ್ದ ಆಂಟೆನಾ ಅಲ್ಲಿ ಎರಡೂವರೆ ಸೆಂಟಿಮೀಟರಿಗೆ ಇಳಿದು ಕೂತಿರುತ್ತದೆ.

ಹಾಗಾದರೆ ಡಿಕೆ ಹೆಚ್ಚಿದ್ದರೆ ಒಳ್ಳೆಯದೋ, ಕಡಿಮೆಯಿದ್ದರೆ ಒಳ್ಳೆಯದೋ? ಎರಡೂ ಅಲ್ಲ. ಹೇಳಿದ ಅಂಕಿ ಹೇಳಿದಂತೆ ಇರಬೇಕು, ಅದೇ ಮುಖ್ಯ. ಎಫ್‌ಆರ್-4ರ ಡಿಕೆ 4.2 ಇರಬಹುದು, 4.6ವರೆಗೂ ಇರಬಹುದು, ಯಾರು ತಯಾರಿಸಿದರು, ಗಾಜೆಷ್ಟು ಅಂಟೆಷ್ಟು, ಯಾವ ಆವೃತ್ತಿಯಲ್ಲಿ ಅಳೆದರು ಅನ್ನುವುದರ ಮೇಲೆ ಅದು ನಿಂತಿದೆ. 10 ಗಿಗಾಹರ್ಟ್ಸ್‌ಗೆಂದು ಒಂದು ಫಿಲ್ಟರನ್ನು ಕೊರೆದಿರೆನ್ನಿ. ಡಿಕೆ ಇಷ್ಟು ಓಲಾಡಿದರೆ ಆ ಫಿಲ್ಟರು ಹಿಡಿಯುವ ಆವೃತ್ತಿ 450 ಮೆಗಾಹರ್ಟ್ಸ್‌ಗೂ ಹೆಚ್ಚು ಆಚೀಚೆ ಆಗಬಹುದು. ಕಿವಿಗೊಡಬೇಕಾದ ಚಾನೆಲ್ಲು ಬಿಟ್ಟು ಪಕ್ಕದವರ ಮಾತು ಕೇಳಿಸಿಕೊಳ್ಳುತ್ತದೆ. ಮೈಕ್ರೊವೇವ್‌ಗೆಂದೇ ಮಾಡಿದ ಹಲಗೆಗಳಲ್ಲಿ ಆರ್‌ಟಿ ಡ್ಯುರಾಯ್ಡ್ 5880 ಅನ್ನುವುದು ಹೆಸರುವಾಸಿ. ಅದರ ಡಿಕೆ 2.20, ಹೆಚ್ಚೆಂದರೆ 0.02 ಆಚೆ, 0.02 ಈಚೆ. ಅದೇ ಫಿಲ್ಟರನ್ನು ಇದರ ಮೇಲೆ ಕೊರೆದರೆ ಓಲಾಟ 90 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ.

ನೇಯ್ಗೆಯೂ ಇಲ್ಲೊಂದು ಕಿತಾಪತಿ ಮಾಡುತ್ತದೆ. ಗಾಜಿನ ಡಿಕೆ 6ರ ಹತ್ತಿರ, ಎಪಾಕ್ಸಿಯದು 3ರ ಹತ್ತಿರ. ಜೋಡಿಯಾಗಿ ಓಡಬೇಕಾದ ಎರಡು ತಾಮ್ರದ ಗೆರೆಗಳಲ್ಲಿ ಒಂದು ನೂಲಿನ ಮೇಲೆಯೇ ಬಿತ್ತು, ಇನ್ನೊಂದು ನೂಲುಗಳ ನಡುವಿನ ಅಂಟಿನ ಮೇಲೆ ಬಿತ್ತು ಅಂದರೆ, ಒಟ್ಟಿಗೆ ಹೊರಟ ಅಲೆಗಳು ಒಟ್ಟಿಗೆ ಗುರಿ ಮುಟ್ಟುವುದಿಲ್ಲ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಕೇಳಿದರೆ ನಗು ಬರುತ್ತದೆ: ಇಡೀ ಚಿತ್ರವನ್ನೇ ಹಲಗೆಯ ಮೇಲೆ ಹತ್ತು ಡಿಗ್ರಿಯಷ್ಟು ಓರೆಯಾಗಿ ಕೂರಿಸುವುದು! ಆಗ ಎರಡೂ ಗೆರೆಗಳು ನೂಲನ್ನೂ ಅಂಟನ್ನೂ ಸರಿಸಮವಾಗಿ ದಾಟುತ್ತಾ ಹೋಗುತ್ತವೆ. ಹಲಗೆ ಒಂದಿಷ್ಟು ದಂಡವಾಗುತ್ತದೆ, ಆದರೆ ಕೆಲಸ ಕೆಡುವುದಿಲ್ಲ.

ಎರಡನೆಯ ಅಂಕಿ ನಷ್ಟದ್ದು. ಇದಕ್ಕೆ ಅವರು ಡಿಎಫ್ ಅನ್ನುತ್ತಾರೆ. ಕರಾವಳಿಯ ಕೆಸರುಗದ್ದೆ ಓಟ ನೋಡಿದ್ದೀರಾ? ಗಟ್ಟಿ ನೆಲದಲ್ಲಿ ನೂರು ಮೀಟರ್ ಓಡಿ ನಗುತ್ತಾ ನಿಲ್ಲುವ ಹುಡುಗ ಕೆಸರಿನಲ್ಲಿ ಅರ್ಧಕ್ಕೇ ಏದುಸಿರು ಬಿಡುತ್ತಾನೆ. ಅವನ ಶಕ್ತಿ ಎಲ್ಲಿ ಹೋಯಿತು? ಕೆಸರನ್ನು ಕಲಕುವುದಕ್ಕೆ ಹೋಯಿತು. ಕೆಲವು ಹಲಗೆಗಳೂ ಅಲೆಗೆ ಹೀಗೆಯೇ. ಅವುಗಳ ಅಣುಗಳಿಗೆ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅಲೆ ದಿಕ್ಕು ಬದಲಿಸಿದಾಗಲೆಲ್ಲ ಅವೂ ಹೊರಳಲು ಹವಣಿಸುತ್ತವೆ, ಅಕ್ಕಪಕ್ಕದವುಗಳಿಗೆ ತಾಗುತ್ತವೆ, ಬಿಸಿಯಾಗುತ್ತವೆ. ಆ ಬಿಸಿ ಅಲೆಯ ಜೇಬಿನಿಂದ ಹೋದದ್ದು.

ಮನೆಯಲ್ಲಿ ಮೈಕ್ರೊವೇವ್ ಒಲೆ ಇದ್ದರೆ ಇದನ್ನು ಕೈಯಾರೆ ನೋಡಬಹುದು, ದೊಡ್ಡವರು ಜೊತೆಗಿರಬೇಕು ಅಷ್ಟೇ. ಲೋಹದ ಅಂಚಾಗಲಿ ಚಿನ್ನದ ಗೆರೆಯಾಗಲಿ ಇಲ್ಲದ, ಚೆನ್ನಾಗಿ ಒಣಗಿದ ಒಂದು ಖಾಲಿ ಪಿಂಗಾಣಿ ಕಪ್ಪನ್ನು ಒಲೆಯೊಳಗೆ ಇಡಿ. ಅದರ ಪಕ್ಕದಲ್ಲಿ ಒಂದು ಗಾಜಿನ ಲೋಟದ ತುಂಬ ನೀರಿಡಿ, ಕಪ್ಪು ಲೋಟಕ್ಕೆ ತಾಗಬಾರದು. ಒಂದೇ ಒಂದು ನಿಮಿಷ ಒಲೆ ನಡೆಸಿ. ತೆಗೆದು ನೋಡಿದರೆ ನೀರು ಬೆಚ್ಚಗಾಗಿರುತ್ತದೆ. ಕಪ್ಪು? ತಣ್ಣಗಿದ್ದರೆ ಅದರ ವಸ್ತು ಅಲೆಯನ್ನು ನುಂಗುತ್ತಿಲ್ಲ, ಅಲೆ ಅದನ್ನು ದಾಟಿ ಹೋಗಿದೆ. ಖಾಲಿ ಕಪ್ಪೇ ಬಿಸಿಯಾಗಿದ್ದರೆ ಅದು ನಷ್ಟದ ವಸ್ತು. ಬೇರೆ ಬೇರೆ ಕಪ್ಪುಗಳಿಗೆ ಬೇರೆ ಬೇರೆ ಉತ್ತರ ಸಿಗುತ್ತದೆ, ಮಾಡಿ ನೋಡಿ. ಆದರೆ ಸರ್ಕಿಟ್ ಬೋರ್ಡನ್ನು ಮಾತ್ರ ಒಲೆಯೊಳಗೆ ಇಡಲೇಬೇಡಿ. ತಾಮ್ರ ಕಿಡಿ ಹಾರಿಸುತ್ತದೆ, ಹೊಗೆಯೂ ವಿಷ.

ಎಫ್‌ಆರ್-4ರ ಡಿಎಫ್ ಸುಮಾರು 0.02. ಡ್ಯುರಾಯ್ಡ್ 5880ರದು 0.0009. ಕೇಳಲು ಎರಡೂ ಚಿಲ್ಲರೆಯೇ. ಲೆಕ್ಕ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. 10 ಗಿಗಾಹರ್ಟ್ಸ್ ಅಲೆಯೊಂದು ಪೂರ್ತಿಯಾಗಿ ಎಫ್‌ಆರ್-4ರ ಒಳಗೇ ಹತ್ತು ಸೆಂಟಿಮೀಟರ್ ಸಾಗಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಬಿಸಿಯಾಗಿ ಮುಗಿದುಹೋಗುತ್ತದೆ. 5880ರಲ್ಲಿ ಅಷ್ಟೇ ದೂರಕ್ಕೆ ಕಳೆದುಹೋಗುವುದು ನೂರರಲ್ಲಿ ಮೂರು ಪಾಲು. ತಾಮ್ರ ತಿನ್ನುವ ಪಾಲನ್ನು ಇಲ್ಲಿ ಸೇರಿಸಿಲ್ಲ. ಆದರೆ ಇನ್ನೊಂದು ವಿಷಯವನ್ನೂ ಗಮನಿಸಿ. ಅದೇ ಎಫ್‌ಆರ್-4ರಲ್ಲಿ 1 ಗಿಗಾಹರ್ಟ್ಸ್ ಅಲೆ ಅಷ್ಟೇ ದೂರ ಸಾಗಿದರೆ ನೂರರಲ್ಲಿ ಎಂಟೇ ಪಾಲು ನಷ್ಟ. ಆವೃತ್ತಿ ಏರಿದಂತೆಲ್ಲ ನಷ್ಟವೂ ಏರುತ್ತದೆ. ಎಫ್‌ಆರ್-4 ಕೆಟ್ಟ ಹಲಗೆಯಲ್ಲ, ಅದಕ್ಕೆ ಒಪ್ಪುವ ಊರು ಬೇರೆ.

5880ರಂಥ ಹಲಗೆಯ ಗುಟ್ಟು ನಿಮ್ಮ ಅಡುಗೆಮನೆಯಲ್ಲೇ ಇದೆ. ದೋಸೆ ಅಂಟದ ತವಾ ಗೊತ್ತಲ್ಲ, ಅದರ ಲೇಪ ಟೆಫ್ಲಾನ್. ಈ ಹಲಗೆಯ ಮುಖ್ಯ ವಸ್ತುವೂ ಅದೇ, ನಡುವೆ ಗಾಜಿನ ಅತಿ ಸಣ್ಣ ಎಳೆಗಳನ್ನು ನೇಯದೆ ಹಾಗೇ ಚದುರಿಸಿ ಬೆರೆಸಿರುತ್ತಾರೆ.

ಟೆಫ್ಲಾನ್ ಹುಟ್ಟಿದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ, ರಾಯ್ ಪ್ಲಂಕೆಟ್ ಎಂಬ ಯುವ ರಸಾಯನಶಾಸ್ತ್ರಜ್ಞ ಫ್ರಿಜ್ಜುಗಳಿಗೆ ಬೇಕಾದ ಹೊಸ ಅನಿಲ ಹುಡುಕುತ್ತಿದ್ದರು. ಟೆಟ್ರಾಫ್ಲೋರೊಎಥಿಲೀನ್ ಎಂಬ ಅನಿಲ ತುಂಬಿಟ್ಟಿದ್ದ ಸಿಲಿಂಡರಿನ ತಿರುಪು ತೆರೆದರೆ ಏನೂ ಬರಲಿಲ್ಲ. ಸೋರಿಹೋಯಿತೇ ಎಂದು ತೂಗಿ ನೋಡಿದರೆ ತೂಕ ಅಷ್ಟೇ ಇದೆ! ಬೇರೆ ಯಾರಾದರೂ ಆಗಿದ್ದರೆ ಸಿಲಿಂಡರನ್ನು ಮೂಲೆಗೆ ಉರುಳಿಸಿ ಇನ್ನೊಂದನ್ನು ತರುತ್ತಿದ್ದರು. ಪ್ಲಂಕೆಟ್ ಮತ್ತು ಅವರ ಸಹಾಯಕ ಅದನ್ನು ಕೊಯ್ದೇ ನೋಡಿದರು. ಒಳಗೆ ಬಿಳಿಯ, ಮೇಣದಂತೆ ನುಣುಪಾದ ಪುಡಿ. ಅನಿಲದ ಅಣುಗಳು ತಾವಾಗಿಯೇ ಕೈ ಕೈ ಹಿಡಿದು ಉದ್ದನೆಯ ಸರಪಳಿಗಳಾಗಿದ್ದವು.

ಆ ಸರಪಳಿಯ ರಚನೆ ಸೊಗಸು. ನಡುವೆ ಇಂಗಾಲದ ಬೆನ್ನೆಲುಬು, ಸುತ್ತಲೂ ಫ್ಲೋರಿನ್. ಫ್ಲೋರಿನ್ ಬಹಳ ಆಸೆಬುರುಕ ಧಾತು, ಎಲೆಕ್ಟ್ರಾನುಗಳನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಆದರೆ ಎಡಗಡೆಯ ಎಳೆತಕ್ಕೆ ಬಲಗಡೆ ಸರಿಸಮ ಎಳೆತ ಇರುವುದರಿಂದ ಒಟ್ಟಿನಲ್ಲಿ ಅಣು ಯಾವ ಕಡೆಗೂ ವಾಲುವುದಿಲ್ಲ. ಧನ ತುದಿ, ಋಣ ತುದಿ ಎಂಬುದೇ ಇಲ್ಲದ ಮೇಲೆ ಅಲೆ ಹಿಡಿದು ಹೊರಳಿಸುವುದು ಯಾವುದನ್ನು? ಅಲೆ ಬಂದ ಹಾಗೇ ಹೊರಟುಹೋಗುತ್ತದೆ. ನೀರಿನ ಅಣು ಇದಕ್ಕೆ ತದ್ವಿರುದ್ಧ, ಒಂದೇ ಕಡೆಗೆ ವಾಲಿದ ಅಣು. ಒಲೆಯಲ್ಲಿ ನೀರು ಬಿಸಿಯಾಗುವುದಕ್ಕೆ, ಟೆಫ್ಲಾನ್ ಆಗದಿರುವುದಕ್ಕೆ ಕಾರಣ ಇಷ್ಟೇ.

ಹಾಗಿದ್ದರೆ ಎಲ್ಲ ಬೋರ್ಡುಗಳನ್ನೂ ಟೆಫ್ಲಾನಿನಲ್ಲೇ ಮಾಡಬಾರದೇಕೆ? ಬೆಲೆ ಒಂದು ಕಾರಣ. ಅದಕ್ಕಿಂತ ದೊಡ್ಡದು ಅದರ ಸ್ವಭಾವ. ದೋಸೆ ಅಂಟದ ವಸ್ತುವಿಗೆ ತಾಮ್ರ ಮಾತ್ರ ಹೇಗೆ ಅಂಟೀತು? ಬೋರ್ಡಿನಲ್ಲಿ ಮೇಲಿನಿಂದ ಕೆಳಕ್ಕೆ ತೂತು ಕೊರೆದು ಒಳಗೋಡೆಗೆ ತಾಮ್ರ ಲೇಪಿಸಬೇಕಾಗುತ್ತದೆ. ಟೆಫ್ಲಾನಿನ ತೂತಿಗೆ ಹಾಗೇ ಲೇಪಿಸಿದರೆ ಅದು ಹಿಡಿಯುವುದಿಲ್ಲ. ಮೊದಲು ಸೋಡಿಯಂ ಇರುವ ರಾಸಾಯನಿಕದಿಂದಲೋ ಪ್ಲಾಸ್ಮಾದಿಂದಲೋ ಆ ಗೋಡೆಯ ಮೇಲ್ಮೈಯನ್ನು ಪಳಗಿಸಬೇಕು. ಸಾಮಾನ್ಯ ಬೋರ್ಡು ಮಾಡುವ ಎಷ್ಟೋ ಕಾರ್ಖಾನೆಗಳಲ್ಲಿ ಈ ಏರ್ಪಾಡೇ ಇರುವುದಿಲ್ಲ. ಮೇಲಾಗಿ ಅದು ಮೆದು. ಒತ್ತಿದರೆ ತಗ್ಗು ಬೀಳುತ್ತದೆ, ಎಳೆದರೆ ಅಳತೆ ತಪ್ಪುತ್ತದೆ.

ಬಿಸಿಗೆ ಹಿಗ್ಗುವುದಂತೂ ಹೇಳತೀರದು. 1.6 ಮಿಲಿಮೀಟರ್ ದಪ್ಪದ 5880 ಹಲಗೆಯನ್ನು 100 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ದಪ್ಪದಲ್ಲಿ 38 ಮೈಕ್ರಾನ್ ಹಿಗ್ಗುತ್ತದೆ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ತೂತಿನೊಳಗಿನ ತಾಮ್ರದ ಕೊಳವೆ ಅದೇ ಬಿಸಿಗೆ ಹಿಗ್ಗಲು ಬಯಸುವುದು ಸುಮಾರು 3 ಮೈಕ್ರಾನ್ ಮಾತ್ರ. ಹಲಗೆ ಎಳೆಯುತ್ತದೆ, ತಾಮ್ರ ತಡೆಯುತ್ತದೆ. ದಿನವೂ ಹಗಲು ಬಿಸಿ, ರಾತ್ರಿ ತಂಪು, ಹೀಗೇ ನಡೆದರೆ ಒಂದು ದಿನ ಕೊಳವೆ ಬಿರುಕು ಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಯಂತ್ರ ಮಾತ್ರ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ.

ಇನ್ನೊಂದು ವಿಚಿತ್ರ ಗುಣ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಟೆಫ್ಲಾನಿನೊಳಗೆ ಸರಪಳಿಗಳು ಜೋಡಿಸಿಕೊಂಡಿರುವ ರೀತಿ 19 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬದಲಾಗುತ್ತದೆ. ಕರಗುವುದೂ ಇಲ್ಲ, ಬಣ್ಣ ಬದಲಾಗುವುದೂ ಇಲ್ಲ, ಒಳಗೇ ಸ್ವಲ್ಪ ಮಗ್ಗುಲು ಬದಲಿಸಿದ ಹಾಗೆ. ಆಗ ಅದರ ಗಾತ್ರವೂ ಡಿಕೆಯೂ ಚೂರು ಜಿಗಿಯುತ್ತವೆ. ಬೆಂಗಳೂರಿನ ಡಿಸೆಂಬರಿನಲ್ಲಿ ಬೆಳಗಿನ ಜಾವ 19ಕ್ಕಿಂತ ಕೆಳಗೆ, ಮಧ್ಯಾಹ್ನ ಮೇಲೆ. ಅಂದರೆ ತಾರಸಿಯ ಮೇಲಿಟ್ಟ ಶುದ್ಧ ಟೆಫ್ಲಾನಿನ ಬೋರ್ಡು ದಿನಕ್ಕೆರಡು ಸಲ ಈ ಗೆರೆ ದಾಟಬೇಕು! ಜಿಗಿತ ಸಣ್ಣದು, ಟಿವಿಗೆ ಅದರಿಂದ ತೊಂದರೆಯಿಲ್ಲ. ಅತಿ ನಿಖರವಾದ ಉಪಕರಣಗಳಲ್ಲಿ ಮಾತ್ರ ಇದೂ ಲೆಕ್ಕಕ್ಕೆ ಬರುತ್ತದೆ. ಟೆಫ್ಲಾನಿಗೆ ಪಿಂಗಾಣಿಯ ನುಣ್ಣನೆಯ ಪುಡಿ ಬೆರೆಸಿದರೆ ಹಿಗ್ಗುವಿಕೆಯೂ ಈ ಜಿಗಿತವೂ ಬಹಳ ಮಟ್ಟಿಗೆ ಹತೋಟಿಗೆ ಬರುತ್ತವೆ ಎಂದು ಆಮೇಲೆ ತಿಳಿಯಿತು. ಅಂಥ ಹಲಗೆಗಳೂ ಈಗ ಸಿಗುತ್ತವೆ.

ಎಫ್‌ಆರ್-4, ಟೆಫ್ಲಾನ್, ಈ ಎರಡರ ನಡುವೆ ಒಂದು ಜಾಣ ಹಾದಿ ಇದೆ. ಅಮೆರಿಕದಲ್ಲಿ 1832ರಲ್ಲಿ ಕಾಗದದ ಗಿರಣಿಯಾಗಿ ಶುರುವಾದ ರೋಜರ್ಸ್ ಎಂಬ ಕಂಪನಿ (ಡ್ಯುರಾಯ್ಡ್ ಕೂಡ ಅವರದೇ) ಟೆಫ್ಲಾನ್ ಬಿಟ್ಟು, ಹೈಡ್ರೋಕಾರ್ಬನ್ ಅಂಟಿಗೆ ಪಿಂಗಾಣಿ ಪುಡಿ ಸೇರಿಸಿ, ಗಾಜಿನ ಬಟ್ಟೆಯ ಆಸರೆ ಕೊಟ್ಟು ಹಲಗೆ ಮಾಡಿತು. ಅದರಲ್ಲಿ ಒಂದರ ಹೆಸರು ಆರ್‌ಒ4003ಸಿ. ಡಿಕೆ 3.38, ಡಿಎಫ್ 0.0027. ಆಗಿನ ನಮ್ಮ 10 ಗಿಗಾಹರ್ಟ್ಸ್ ಅಲೆಯ ಹತ್ತು ಸೆಂಟಿಮೀಟರಿನ ಓಟಕ್ಕೆ ಇದನ್ನು ಇಳಿಸಿದರೆ ನೂರರಲ್ಲಿ ಹತ್ತು ಪಾಲು ನಷ್ಟ. ಟೆಫ್ಲಾನಿನಷ್ಟು ಒಳ್ಳೆಯದಲ್ಲ, ಎಫ್‌ಆರ್-4ಗಿಂತ ಎಷ್ಟೋ ವಾಸಿ. ಇದರ ನಿಜವಾದ ಜಾಣತನ ಬೇರೆ ಕಡೆ ಇದೆ. ಎಫ್‌ಆರ್-4 ಬೋರ್ಡು ಮಾಡುವ ಅದೇ ಯಂತ್ರಗಳಲ್ಲಿ, ಅದೇ ಕ್ರಮದಲ್ಲಿ ಇದನ್ನೂ ಕೊರೆಯಬಹುದು, ತಾಮ್ರ ಲೇಪಿಸಬಹುದು. ಡಿಶ್ಶಿನ ಡಬ್ಬಿಗಳಂಥ, ಲಕ್ಷಗಟ್ಟಲೆ ತಯಾರಾಗಬೇಕಾದ ಮಾಲುಗಳಿಗೆ ಈ ಬಳಗದ ಹಲಗೆ ಒಗ್ಗಿದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ಹಲಗೆಯನ್ನೇ ದೂರಿದ್ದಾಯಿತು. ತಾಮ್ರವೇನೂ ಸಾಚಾ ಅಲ್ಲ. ಆವೃತ್ತಿ ಏರಿದಂತೆ ವಿದ್ಯುತ್ತು ತಾಮ್ರದ ಒಳಗೆ ಇಳಿಯುವುದನ್ನು ಬಿಟ್ಟು ಮೇಲ್ಮೈಗೆ ಬಂದುಬಿಡುತ್ತದೆ. ಗೋಡೆಯ ಪ್ಲಗ್ಗಿನ 50 ಹರ್ಟ್ಸ್ ವಿದ್ಯುತ್ತು ತಾಮ್ರದಲ್ಲಿ ಸುಮಾರು 9 ಮಿಲಿಮೀಟರ್ ಆಳಕ್ಕೆ ಇಳಿಯಬಲ್ಲದು. 10 ಗಿಗಾಹರ್ಟ್ಸ್‌ನಲ್ಲಿ ಆ ಆಳ ಒಂದು ಮೈಕ್ರಾನಿನ ಮೂರನೇ ಎರಡು ಭಾಗ ಮಾತ್ರ. ಬೋರ್ಡಿನ ತಾಮ್ರದ ಹಾಳೆ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. ಅದರಲ್ಲಿ ಹೆಚ್ಚಿನದು ಸುಮ್ಮನೆ ಕೂತಿರುತ್ತದೆ. ತಮಾಷೆ ಏನೆಂದರೆ, ಮೇಲಿನ ಗೆರೆಯಲ್ಲಿ ವಿದ್ಯುತ್ತು ಹೆಚ್ಚಾಗಿ ಹರಿಯುವುದು ಹಲಗೆಗೆ ಅಂಟಿಕೊಂಡಿರುವ ಅಡಿಮುಖದಲ್ಲಿ. ಚೆನ್ನಾಗಿ ಅಂಟಲಿ ಎಂದು ಕಾರ್ಖಾನೆಯವರು ಒರಟು ಮಾಡುವುದೂ ಅದೇ ಅಡಿಮುಖವನ್ನು! ಒಂದು ಮೈಕ್ರಾನಿಗಿಂತ ತೆಳುವಾಗಿ ಹರಿಯುವ ವಿದ್ಯುತ್ತಿಗೆ ಕೆಲವು ಮೈಕ್ರಾನ್ ಎತ್ತರದ ದಿಣ್ಣೆಗಳು ಎದುರಾದರೆ ಹಾದಿ ದೂರವಾಗುತ್ತದೆ, ನಷ್ಟ ಏರುತ್ತದೆ. ಆದ್ದರಿಂದ ಒಳ್ಳೆಯ ಹಲಗೆ ಆರಿಸಿದ ಮೇಲೂ ಅದಕ್ಕೆ ನಯವಾದ ತಾಮ್ರ ಹಾಕಿ ಕೊಡಿ ಎಂದು ಕೇಳಬೇಕಾಗುತ್ತದೆ.

ನೀರನ್ನೂ ಮರೆಯುವಂತಿಲ್ಲ. ನೀರಿನ ಡಿಕೆ ಸುಮಾರು 80, ಮೇಲಾಗಿ ಅದು ಅಲೆಯನ್ನು ನುಂಗುವುದರಲ್ಲಿ ನಿಸ್ಸೀಮ. ಹಲಗೆ ಗಾಳಿಯಿಂದ ತೇವ ಹೀರಿಕೊಂಡರೆ ಎರಡೂ ಅಂಕಿಗಳು ಕೆಡುತ್ತವೆ. ಆಗುಂಬೆಯ ಮಳೆಯಲ್ಲಿ ನಿಲ್ಲಿಸುವ ಆಂಟೆನಾದ ಬೋರ್ಡಿಗೆ ಇದು ದೊಡ್ಡ ಪ್ರಶ್ನೆ, ಹವಾನಿಯಂತ್ರಿತ ಕೋಣೆಯ ಬೋರ್ಡಿಗೆ ಅಲ್ಲ. ಉಪಗ್ರಹದೊಳಗೆ ಹೋಗುವ ಬೋರ್ಡಿಗೆ ಇನ್ನೊಂದು ಪರೀಕ್ಷೆ ಇದೆ: ಗಾಳಿಯೇ ಇಲ್ಲದ ಕಡೆ ಕೆಲವು ವಸ್ತುಗಳಿಂದ ಆವಿ ಹೊರಟು ಪಕ್ಕದ ಕ್ಯಾಮೆರಾ ಗಾಜಿನ ಮೇಲೆ ಕೂತು ಮಬ್ಬು ಮಾಡುತ್ತದೆ. ನಿರ್ವಾತದಲ್ಲಿ ಕಾಯಿಸಿದಾಗ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ತೂಕ ಕಳೆದುಕೊಳ್ಳುವ ವಸ್ತುವನ್ನು ಸಾಮಾನ್ಯವಾಗಿ ಬಾಹ್ಯಾಕಾಶಕ್ಕೆ ಒಪ್ಪುವುದಿಲ್ಲ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ದೊಡ್ಡ ಆಂಟೆನಾ ಇದೆ. ಚಂದ್ರಯಾನದ ನೌಕೆಗಳು ಕಳಿಸಿದ ಕ್ಷೀಣ ಮೈಕ್ರೊವೇವ್ ಸಂಕೇತಗಳನ್ನು ಹಿಡಿದದ್ದು ಅದು. ಅಂಥ ಕಡೆ ಸಂಕೇತ ಮೊದಲ ಆಂಪ್ಲಿಫೈಯರ್ ಮುಟ್ಟುವ ಮುಂಚೆ ಕಳೆದುಕೊಂಡದ್ದನ್ನು ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಮರಳಿ ಪಡೆಯಲಾಗದು. ಸಂಕೇತದ ಜೊತೆ ಗದ್ದಲವೂ ದೊಡ್ಡದಾಗುತ್ತದೆ.

ಇನ್ನು ಹೊಸ ಕಾರುಗಳ ಮೂತಿಯಲ್ಲಿ ಅಡಗಿರುವ ರೇಡಾರ್. ಮುಂದಿನ ವಾಹನ ಎಷ್ಟು ದೂರ, ಎಷ್ಟು ವೇಗ ಎಂದು ಅಳೆಯುವ ಅದು 77 ಗಿಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತದೆ. ಅಲೆಯ ಉದ್ದ 4 ಮಿಲಿಮೀಟರಿಗೂ ಕಡಿಮೆ. ಡಿಕೆ 3 ಇರುವ ಹಲಗೆಯ ಮೇಲೆ ಅದರ ಆಂಟೆನಾದ ಒಂದು ಚೌಕ ಬರೀ ಒಂದು ಮಿಲಿಮೀಟರ್ ಚಿಲ್ಲರೆ. ಅಲ್ಲಿ ಎಫ್‌ಆರ್-4ರ ಮೇಲೆ ಆಂಟೆನಾ ಕೊರೆಯುವ ಮಾತೇ ಇಲ್ಲ. ಹಾಗೆಂದು ಇಡೀ ಬೋರ್ಡಿಗೆ ದುಬಾರಿ ಹಲಗೆ ಸುರಿಯುವುದೂ ಇಲ್ಲ. ಆಂಟೆನಾ ಇರುವ ಮೇಲಿನ ಪದರ ಮಾತ್ರ ಮೈಕ್ರೊವೇವ್ ಹಲಗೆ. ಅದರ ಕೆಳಗೆ ಕರೆಂಟು ಹಂಚುವ, ಲೆಕ್ಕ ಮಾಡುವ ಪದರಗಳೆಲ್ಲ ಎಫ್‌ಆರ್-4 ಬಳಗದ್ದು. ಎರಡನ್ನೂ ಒಟ್ಟಿಗೆ ಒತ್ತಿ ಒಂದೇ ಬೋರ್ಡು ಮಾಡುತ್ತಾರೆ. ಈ ಕಸುಬಿನಲ್ಲಿ ನನಗೆ ಅತಿ ಮೆಚ್ಚಿಗೆಯಾದದ್ದು ಇದೇ. ಎಲ್ಲೆಡೆ ಎಫ್‌ಆರ್-4 ಹಾಕುವವರದು ಜಿಪುಣತನ, ಎಲ್ಲೆಡೆ ಟೆಫ್ಲಾನ್ ಹಾಕುವವರದು ಸೋಮಾರಿತನ. ಅಲೆ ಎಲ್ಲಿ ಓಡುತ್ತದೆ, ಎಷ್ಟು ದೂರ ಓಡುತ್ತದೆ ಎಂದು ಕೇಳಿ ಹಲಗೆ ಆರಿಸುವವರೇ ಎಂಜಿನಿಯರುಗಳು.

ನಿಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ವೈಫೈ ಆಂಟೆನಾ ಮಾಡುವ ಆಸೆಯಿದ್ದರೆ ದುಬಾರಿ ಹಲಗೆ ಹುಡುಕಿಕೊಂಡು ಅಲೆಯಬೇಡಿ. ಎರಡೂ ಕಡೆ ತಾಮ್ರ ಇರುವ ಎಫ್‌ಆರ್-4 ತುಂಡು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಅಷ್ಟು ಸಾಕು. ಮೇಲಿನ ಚೌಕವನ್ನು 29 ಮಿಲಿಮೀಟರಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಾಗಿಯೇ ಬಿಡಿ. ನಿಮಗೆ ಸಿಕ್ಕ ತುಂಡಿನ ಡಿಕೆ ಎಷ್ಟೆಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಹೆಚ್ಚಾದ ತಾಮ್ರವನ್ನು ಆಮೇಲೆ ಕೆರೆದು ತೆಗೆಯಬಹುದು, ಕಡಿಮೆಯಾದರೆ ಸೇರಿಸುವುದು ಕಷ್ಟ.